ಮಕ್ಕಳೂ ಸುದ್ದಿಯೂ: ಹಿರಿಯರು ಅರಿಯಬೇಕಾದುದು

2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣುಪಾಲಾದವು. ಎರಡು ವಾರಗಳ ತರುವಾಯ ಬಯಲುಸೀಮೆಯ ತಾಯಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ನಮ್ಮಲ್ಲಿಗೆ ಕರೆತಂದರು. ನಿಂತುಹೋಗಿದ್ದ, ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮರಳಿತ್ತು. ಹೊಟ್ಟೆನೋವೆಂದು ಬಾಲಕನು ಊಟ ಬಿಡುತ್ತಿದ್ದನು. ಜಂತುಹುಳುವಿನ ಶಂಕೆಯಿಂದ ನಾವು ಔಷಧ ಕೊಟ್ಟೆವು, ಗುಣ ಕಾಣಲಿಲ್ಲ. ಮತ್ತೆ ಬಂದಾಗ ಬಾಲಕನೇ ಕೇಳಿದನು: "ಅಜ್ಜಾ, ದಿನಾ ರಾತ್ರಿ ಗುಡ್ಡ ಬೀಳತೈತಿ. ನಮ್ಮೂರಾಗ ಯಾವಾಗ ಬೀಳತೈತಿ?"

ಆ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಸುದ್ದಿವಾಹಿನಿ ನಡೆಯುತ್ತಿತ್ತು. ಒಂದೇ ದೃಶ್ಯವನ್ನು ವಾಹಿನಿಗಳು ಹತ್ತಾರು ಬಾರಿ ತೋರಿಸುತ್ತವೆಂದು ನಾವು ಬಲ್ಲೆವು. ಎಳೆಯ ಮಗುವಿಗೆ ಅದು ತಿಳಿಯದು. ತೋರಿಸಿದಷ್ಟು ಸಲವೂ ಗುಡ್ಡ ಹೊಸದಾಗಿ ಬಿದ್ದಿತೆಂದೇ ಅದು ಭಾವಿಸುತ್ತದೆ. ಇದರ ಮೇಲೆ, "ಉಣ್ಣದಿದ್ರ ಗುಡ್ಡ ಬರತೈತಿ" ಎಂದು ತಾವೇ ಹೆದರಿಸಿದ್ದುಂಟೆಂದು ಆ ಅಜ್ಜಿ ಒಪ್ಪಿಕೊಂಡರು.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಗು ಅತ್ತರೂ, ಉಣ್ಣದಿದ್ದರೂ, ಮಾತು ಕೇಳದಿದ್ದರೂ ರಾಕ್ಷಸ, ಪಿಶಾಚಿ, ಪೂತನಿಯರ ಹೆಸರು ಹೇಳಿ ಹೆದರಿಸಬಾರದೆಂದು ಅಲ್ಲಿ ವಿಧಿಸಲಾಗಿದೆ. ಭಯದಿಂದ ವಾತವು ಪ್ರಕೋಪಗೊಳ್ಳುವುದೆಂಬುದು ಆಯುರ್ವೇದದ ಮತ. ಇಂದು ರಾಕ್ಷಸನ ಸ್ಥಾನದಲ್ಲಿ ಸುದ್ದಿ ಕುಳಿತಿದೆ.

ಹಾಗೆಂದು ಎಲ್ಲವನ್ನೂ ಮುಚ್ಚಿಡುವುದೂ ಸಲ್ಲದು. "ಏನೂ ಆಗಿಲ್ಲ, ಸುಮ್ಮನಿರು" ಎಂದರೆ ಮಗು ನಂಬುವುದಿಲ್ಲ. ಕೇಳುವುದನ್ನು ಮಾತ್ರ ನಿಲ್ಲಿಸುತ್ತದೆ. ಆದ್ದರಿಂದ ಮೊದಲು "ನಿನಗೇನು ಗೊತ್ತು?" ಎಂದು ಕೇಳಬೇಕು. ಬಳಿಕ ನಿಜವನ್ನು ಎರಡು ಮೂರು ಸರಳ ಮಾತುಗಳಲ್ಲಿ ತಿಳಿಸಬೇಕು. ಆ ಬಾಲಕನಿಗೆ ನಾವು ಹೇಳಿದ್ದು ಇಷ್ಟೇ: "ಗುಡ್ಡ ಬಿದ್ದದ್ದು ನಿಜ. ಅದು ಬಿದ್ದದ್ದು ಅಂದು ಮಾತ್ರ, ಟಿ.ವಿ.ಯವರು ಅದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ನಿಮ್ಮೂರ ಸುತ್ತ ಅಂಥ ಗುಡ್ಡವಿಲ್ಲ." ಮಲೆನಾಡಿನವರು ಹೀಗೆ ಹೇಳಲಾಗದು. ಅವರು, "ಮಳೆ ಹೆಚ್ಚಾದರೆ ಮೊದಲೇ ಸುರಕ್ಷಿತ ಸ್ಥಳಕ್ಕೆ ಹೋಗೋಣ, ನಾವೆಲ್ಲ ನಿನ್ನೊಡನೆ ಇರುತ್ತೇವೆ" ಎನ್ನಬಹುದು.

ನೆರವಾದವರ ಸಂಗತಿಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ರಂದೇ ಕಟ್ಟಿ ಮುಗಿಸಿದರೆಂದಾಗ ಬಾಲಕನ ಕಣ್ಣರಳಿದವು. "ಅದರ ಮ್ಯಾಲೆ ಗಾಡಿ ಹೋಗತಾವೇನು?" ಎಂದು ಕೇಳಿದನು.

ಊಟದ ಹೊತ್ತಿಗೆ ಮತ್ತು ಮಲಗುವ ಮುನ್ನ ಸುದ್ದಿ ಹಾಕಬೇಡಿರೆಂದು ಮನೆಯವರಿಗೆ ತಿಳಿಸಿದೆವು. ಮಲಗುವವರೆಗೆ ಅಜ್ಜಿ ಬಳಿಯಲ್ಲಿದ್ದು ಕಥೆ ಹೇಳತೊಡಗಿದರು. ಮೂರು ವಾರಗಳಲ್ಲಿ ಹಾಸಿಗೆ ಒದ್ದೆಯಾಗುವುದು ನಿಂತಿತು.

ಒಂದು ಎಚ್ಚರಿಕೆ. ನಿಂತಿದ್ದ ಈ ಅಭ್ಯಾಸ ಮರಳಿದರೆ ಮೂತ್ರದ ಸೋಂಕು, ಮಧುಮೇಹ ಇವೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಲೇಬೇಕು. ಭಯ, ನಿದ್ರಾಭಂಗ, ಶಾಲೆಗೆ ಹೋಗಲೊಲ್ಲದಿರುವುದು ಕೆಲವು ವಾರ ಕಳೆದರೂ ತಗ್ಗದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.