ನಾಲಿಗೆಗೆ ಧಾಟಿ, ಕಾಲಿಗೆ ತಾಳ

ವಾಟ್ಸ್ಆ್ಯಪ್‌ನಲ್ಲಿ ಆಗಾಗ ಒಂದು ಪಟ್ಟಿ ಬರುತ್ತದೆ. ರಕ್ತದೊತ್ತಡಕ್ಕೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ, ನಿದ್ದೆ ಬಾರದವರಿಗೆ ನೀಲಾಂಬರಿ. ಕೆಳಗೆ ‘ಎಲ್ಲರಿಗೂ ಕಳುಹಿಸಿ’ ಎಂಬ ಒತ್ತಾಯ. ಇದಕ್ಕೆ ನಮ್ಮಲ್ಲಿ ಹಿನ್ನೆಲೆಯೂ ಇದೆ ಅನ್ನಿ. ಶಿಷ್ಯನ ಹೊಟ್ಟೆನೋವು ಹೋಗಲೆಂದು ಮುತ್ತುಸ್ವಾಮಿ ದೀಕ್ಷಿತರು ಗುರುಗ್ರಹದ ಮೇಲೆ ಕೃತಿ ರಚಿಸಿದರೆಂಬ ಕಥೆಯನ್ನು ಸಂಗೀತದ ಮೇಷ್ಟ್ರುಗಳು ಇಂದಿಗೂ ಹೇಳುತ್ತಾರೆ. ಮೈಸೂರಿನ ಅವಧೂತ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ ನಾದದಿಂದ ರೋಗಶಮನ ಎಂಬ ನಂಬಿಕೆಯಲ್ಲೇ ದೇಶ ವಿದೇಶಗಳಲ್ಲಿ ಕಛೇರಿ ನಡೆಸಿದ್ದಾರೆ.

ನಂಬಿಕೆಯ ತಂಟೆಗೆ ಹೋಗುವುದು ಬೇಡ. ಆದರೆ ಆಸ್ಪತ್ರೆಗಳಲ್ಲಿ ಸಂಗೀತ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಕೆಲಸಕ್ಕೂ ಈ ಪಟ್ಟಿಗೂ ಸಂಬಂಧ ಕಡಿಮೆ. ಅಲ್ಲಿ ಯಾರೂ ಕಾಯಿಲೆಗೊಂದು ರಾಗ ಬರೆದುಕೊಡುವುದಿಲ್ಲ. ಎದುರಿಗಿರುವವರಿಗೆ ಏನು ಆಗುತ್ತಿಲ್ಲ, ಮಾತೋ ನಡಿಗೆಯೋ ನಿದ್ದೆಯೋ ಎಂದು ಮೊದಲು ನೋಡುತ್ತಾರೆ. ಆಮೇಲೆ ಅದಕ್ಕೆ ಸಂಗೀತದ ಯಾವ ಅಂಗ ಒದಗೀತು ಎಂದು ಹುಡುಕುತ್ತಾರೆ. ಒಬ್ಬರಿಗೆ ಅದು ಧಾಟಿ, ಇನ್ನೊಬ್ಬರಿಗೆ ಬರೀ ತಾಳ, ಮತ್ತೊಬ್ಬರಿಗೆ ತಮ್ಮವರ ದನಿ.

ಲಕ್ವ ಹೊಡೆದವರನ್ನೇ ನೋಡಿ. ಮನೆಯ ಹಿರಿಯರಿಗೆ ಎಲ್ಲವೂ ಅರ್ಥವಾಗುತ್ತದೆ, ಮೊಮ್ಮಕ್ಕಳ ಗುರುತು ಸಿಗುತ್ತದೆ, ಆದರೆ ‘ನೀರು’ ಎಂಬ ಎರಡಕ್ಷರ ಬಾಯಿಂದ ಹೊರಡುವುದಿಲ್ಲ. ಸಿಟ್ಟು, ಕಣ್ಣೀರು. ಸಂಜೆ ದೇವರ ಮನೆಯಲ್ಲಿ ಭಜನೆ ಶುರುವಾದರೆ ಅವರೇ ಪದ ತಪ್ಪದೆ ದನಿಗೂಡಿಸುವುದುಂಟು. ಮನೆಯವರು ಪವಾಡವೆಂದು ಕೈಮುಗಿಯುತ್ತಾರೆ. ವೈದ್ಯರಿಗೆ ಇದು ಹೊಸದಲ್ಲ. ಮಾತು ನಿಂತುಹೋದ ಸ್ವೀಡನ್ನಿನ ಯುವಕನೊಬ್ಬ ಪ್ರಾರ್ಥನಾಗೀತೆಗಳನ್ನು ಹಾಡುತ್ತಿದ್ದುದನ್ನು ಓಲೋಫ್ ಡಾಲಿನ್ ಎಂಬಾತ 18ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಹೆಚ್ಚಿನವರಲ್ಲಿ ಮಾತಾಡಿಸುವ ಕೇಂದ್ರ ಮೆದುಳಿನ ಎಡಭಾಗದಲ್ಲಿದೆ. ಹಾಡುವಾಗ ಎರಡೂ ಭಾಗ ಸೇರಿ ದುಡಿಯುತ್ತವೆ. ಹೆದ್ದಾರಿ ಬಂದ್ ಆದಾಗ ಬಸ್ಸು ಊರೊಳಗಿನ ದಾರಿ ಹಿಡಿಯುವ ಹಾಗೆ, ಮಾತು ಹಾಡಿನ ದಾರಿಯಲ್ಲಿ ಹೊರಬರುತ್ತದೆ.

ಭಜನೆ ಹಾಡಿದ ಮಾತ್ರಕ್ಕೆ ಮಾತು ಮರಳಿತು ಎನ್ನುವಂತಿಲ್ಲ. ಅದು ಬಾಯಿಪಾಠ. ಅದನ್ನು ‘ನನಗೆ ಹಸಿವಾಗಿದೆ’ ಎನ್ನುವ ಹಂತಕ್ಕೆ ತರುವುದೇ ಚಿಕಿತ್ಸೆ. ಬಾಸ್ಟನ್ನಿನಲ್ಲಿ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್, ನ್ಯಾನ್ಸಿ ಹೆಲ್ಮ್ ಎಂಬ ಮೂವರು 1973ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಚಿಕಿತ್ಸಕಿ ರೋಗಿಯ ಎದುರು ಕೂತು ಅವರ ಎಡಗೈ ಹಿಡಿದುಕೊಳ್ಳುತ್ತಾಳೆ. ಬಲಗೈ ಬಹಳ ಸಲ ಬಿದ್ದುಹೋಗಿರುತ್ತದೆ ಎಂಬುದು ಒಂದು ಕಾರಣ. ಎಡಗೈಯನ್ನು ಆಡಿಸುವುದು ಮೆದುಳಿನ ಬಲಭಾಗ ಎಂಬುದು ಇನ್ನೊಂದು. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ. ನಮ್ಮ ಮಾತಿಗೆ ಹೊಂದಿಸುವುದಾದರೆ ‘ನೀ’ ಮೇಲಿನ ಸ್ವರ, ‘ರು’ ಕೆಳಗಿನದು. ‘ಬೇ’ ಮೇಲೆ, ‘ಕು’ ಕೆಳಗೆ. ಅಕ್ಷರಕ್ಕೊಂದರಂತೆ ಎಡಗೈಯಿಂದ ಮೇಜಿನ ಮೇಲೆ ತಟ್ಟು. ಮೊದಲು ಇಬ್ಬರೂ ಬಾಯಿ ಮುಚ್ಚಿ ಗುನುಗುತ್ತಾರೆ. ಆಮೇಲೆ ಮಾತು ಸೇರಿಸಿ ಜೊತೆಯಾಗಿ ಹಾಡುತ್ತಾರೆ. ಅರ್ಧಕ್ಕೆ ಬಂದಾಗ ಚಿಕಿತ್ಸಕಿ ಸುಮ್ಮನಾಗುತ್ತಾಳೆ, ರೋಗಿ ಮುಂದುವರಿಸಬೇಕು. ಕೊನೆಗೆ ‘ಏನು ಬೇಕು?’ ಎಂದು ಕೇಳುತ್ತಾಳೆ. ಹಾಡಿನಲ್ಲೇ ಉತ್ತರ ಬಂದರೆ ಅಂದಿನ ಮಟ್ಟಿಗೆ ಗೆದ್ದ ಹಾಗೆ. ದಿನಗಳು ಕಳೆದಂತೆ ಧಾಟಿಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಮಾತಿನ ಹದಕ್ಕೆ ತರುತ್ತಾರೆ. ನೋಡುವವರಿಗೆ ಮಕ್ಕಳಾಟ, ಮಾಡುವವರಿಗೆ ಮೈಬೆವರು.

2011ರ ಜನವರಿಯಲ್ಲಿ ಅಮೆರಿಕದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ತಲೆಯ ಎಡಭಾಗವನ್ನು ಗುಂಡೊಂದು ಸೀಳಿಕೊಂಡು ಹೋಯಿತು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಅವರನ್ನು ಮಾತಿಗೆ ಮರಳಿಸಿದ ಉಪಾಯಗಳಲ್ಲಿ ಪರಿಚಿತ ಹಾಡುಗಳೂ ಸೇರಿದ್ದವು. ಇಂದಿಗೂ ಅವರ ಮಾತು ತಡೆತಡೆದೇ ಬರುತ್ತದೆ. ಆದರೂ ವೇದಿಕೆ ಹತ್ತಿ ಮಾತಾಡುತ್ತಾರೆ. ಅಂದಹಾಗೆ, ಕೆಲಸ ಮಾಡುವುದು ರಾಗವಲ್ಲ, ಲಯ ಮತ್ತು ಬಾಯಿಪಾಠದ ಮಾತು ಎಂದು ಜರ್ಮನಿಯ ಸಂಶೋಧಕರು ಅದೇ ವರ್ಷ ತಕರಾರು ತೆಗೆದರು. ಚರ್ಚೆ ಇನ್ನೂ ಮುಗಿದಿಲ್ಲ.

ಲಯದ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಜಾಗ ಕಡಿಮೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಎಳೆದಾಡುತ್ತದೆ, ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಕಾಲಿಗೆ ಬಲವಿರುತ್ತದೆ. ಹೆಜ್ಜೆಗೆ ಹೊತ್ತು ಗೊತ್ತು ಮಾಡುವ ಮೆದುಳಿನ ಒಳಗಡಿಯಾರ, ಡೋಪಮಿನ್ ಕೊರತೆಯಿಂದ ಎಡವುತ್ತಿರುತ್ತದೆ. ಹೊರಗಿನಿಂದ ತಾಳ ಕೊಟ್ಟರೆ ಕಾಲು ಅದನ್ನು ಹಿಡಿದುಕೊಳ್ಳುತ್ತದೆ. ಕೊಲರಾಡೋದಲ್ಲಿ ಮೈಕೆಲ್ ಥೌಟ್ ತಂಡ ರೋಗಿಗಳನ್ನು ಮೂರು ವಾರ ದಿನವೂ ಅರ್ಧ ಗಂಟೆ ತಾಳಕ್ಕೆ ನಡೆಸಿತು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಡಿಗೆಯ ವೇಗ ಶೇ 25ರಷ್ಟು ಹೆಚ್ಚಿತು, ಹೆಜ್ಜೆಯ ಉದ್ದವೂ ಬೆಳೆಯಿತು. ಇಲ್ಲಿ ಶಾಸ್ತ್ರೀಯ ಸಂಗೀತವೇ ಆಗಬೇಕೆಂದಿಲ್ಲ. ಪೆಟ್ಟು ಸ್ಪಷ್ಟವಾಗಿ ಕೇಳುವ ಹಾಡು ಸಾಕು. ಆಲಾಪನೆ ಇಲ್ಲಿ ಕೆಲಸಕ್ಕೆ ಬಾರದು. ತಾಳದ ಜೋರಿಗೆ ಕೈ ತಾನಾಗಿ ಓಡುತ್ತದೆಂಬುದನ್ನು ಬೀಸುಕಲ್ಲಿನ ಮುಂದೆ ಕೂತು ಪದ ಹಾಡಿದ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳು ಮತ್ತು ಸಂಗೀತದ ನಂಟನ್ನು ಅಧ್ಯಯನ ಮಾಡುವ ಪ್ರಯೋಗಾಲಯವೇ ಇದೆ. ಅದನ್ನು ಕಟ್ಟಿದ ಮನೋವಿಜ್ಞಾನಿ ಶಾಂತಲಾ ಹೆಗ್ಡೆ ಸ್ವತಃ ಹಿಂದೂಸ್ತಾನಿ ಗಾಯಕಿ.

ಇನ್ನು ತೀರಾ ಎಳೆಯರ ಕಡೆಗೆ ಬರೋಣ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಐಸಿಯುವಿನ ಗಾಜಿನ ಪೆಟ್ಟಿಗೆಯಲ್ಲಿ ಕೇಳುವುದು ಯಂತ್ರಗಳ ಬೀಪ್ ಸದ್ದನ್ನು. ನ್ಯೂಯಾರ್ಕಿನ ಜೋಆ್ಯನ್ ಲೋವಿ ತಂಡ 11 ಆಸ್ಪತ್ರೆಗಳ 272 ಶಿಶುಗಳ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ್ದು ಮೂರು ಸದ್ದುಗಳನ್ನು. ಒಂದು, ಒಳಗೆ ಲೋಹದ ಮಣಿಗಳಿರುವ ದುಂಡನೆಯ ವಾದ್ಯ. ಮೆಲ್ಲಗೆ ಓಲಾಡಿಸಿದರೆ ಗರ್ಭದೊಳಗಿನ ಮೊರೆತದಂಥ ಸದ್ದು. ಎರಡು, ಬೆರಳಿನಿಂದ ತಟ್ಟುವ ಮರದ ಪೆಟ್ಟಿಗೆ; ತಾಯಿಯ ಎದೆಬಡಿತದ ಹಾಗೆ. ಮೂರು, ಅಪ್ಪ ಅಮ್ಮ ತಾವೇ ಆರಿಸಿಕೊಂಡ ಹಾಡನ್ನು ಜೋಗುಳದ ಧಾಟಿಗೆ ಇಳಿಸಿ ಹಾಡುವುದು. ಮೂರೂ ಅಲ್ಲೇ ನುಡಿಸಿದ್ದು, ರೆಕಾರ್ಡ್ ಹಾಕಿದ್ದಲ್ಲ. ಕೂಸಿನ ಉಸಿರಿಗೆ ಹೊಂದಿಸಿ ನುಡಿಸಬೇಕಲ್ಲ, ಮೊಬೈಲಿಗೆ ಅದು ಸಾಧ್ಯವಿಲ್ಲ. ಎದೆಬಡಿತ ಶಾಂತವಾಯಿತು, ನಿದ್ದೆ ಮತ್ತು ಹಾಲು ಕುಡಿಯುವುದು ಸುಧಾರಿಸಿತು. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಸಂಗತಿ: ಹೆತ್ತವರ ಕಳವಳವೂ ಇಳಿಯಿತು. ಮಗುವನ್ನು ಎತ್ತಿಕೊಳ್ಳಲೂ ಆಗದ ಬಾಣಂತಿಗೆ ಲಾಲಿ ಹಾಡುವ ಕೆಲಸವಾದರೂ ಸಿಕ್ಕಿತು.

ಇದೇ ಹುರುಪಿನಲ್ಲಿ ‘ಮೊಜಾರ್ಟ್ ಕೇಳಿಸಿದರೆ ಮಗು ಜಾಣವಾಗುತ್ತದೆ’ ಎಂಬ ಮಾತನ್ನು ನಂಬಬೇಡಿ. 1993ರ ಮೂಲ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಉಳಿದದ್ದು ಹದಿನೈದು ನಿಮಿಷವೂ ಇಲ್ಲ.

ಆಟಿಸಂ ಇರುವ ಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಅಮೆರಿಕದ ಸಂಗೀತ ಸಂಯೋಜಕ ಪಾಲ್ ನಾರ್ಡಾಫ್ ಮತ್ತು ಇಂಗ್ಲೆಂಡಿನ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ಆರಂಭಿಸಿದ ದಾರಿಯಲ್ಲಿ ಮಗುವೇ ಮುಂದಾಳು. ಅದು ಡ್ರಮ್ಮಿಗೆ ಹೊಡೆದರೆ ಪಿಯಾನೊ ಅದಕ್ಕೆ ಉತ್ತರ ಕೊಡುತ್ತದೆ. ಕಿರುಚಿದರೆ ಆ ಕಿರುಚಿನ ಶ್ರುತಿಗೇ ಸ್ವರ ಸೇರಿಸುತ್ತಾರೆ. ಇದರಿಂದ ತಮ್ಮ ಮಗು ಕಣ್ಣು ಕೊಟ್ಟು ನೋಡಿತೆನ್ನುವ ಹೆತ್ತವರು ಎಷ್ಟೋ ಮಂದಿ. ಆದರೆ 9 ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ, ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಮಗುವಿಗೆ ಅದು ಸಂತೋಷದ ಹೊತ್ತು ಎನ್ನಿ, ಒಪ್ಪೋಣ. ಲಕ್ಷಣವನ್ನೇ ವಾಸಿ ಮಾಡುತ್ತೇವೆಂದು ಮುಂಗಡ ಹಣ ಕೇಳಿದರೆ ಎದ್ದು ಬನ್ನಿ.

ಮರೆಗುಳಿತನಕ್ಕೆ ಜಾರಿದ ಹಿರಿಯರಿಗೂ ಸಂಗೀತ ನೆನಪನ್ನು ವಾಪಸು ಕೊಡುವುದಿಲ್ಲ. ಆದರೆ ಮಗನ ಹೆಸರು ಅಳಿಸಿಹೋದ ಮೇಲೂ ಹಾಡು ಉಳಿಯುವುದುಂಟು. ಹಾಡಿನ ದೀರ್ಘ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗಗಳು ಅಲ್ಝೈಮರ್‌ನಲ್ಲಿ ಸವೆಯುವುದು ತಡವಾಗಿ ಎಂದು 2015ರ ಅಧ್ಯಯನವೊಂದು ತೋರಿಸಿತು. ಗಟ್ಟಿಯಾಗಿ ಉಳಿಯುವುದು ಸಾಮಾನ್ಯವಾಗಿ ಹರೆಯದಲ್ಲಿ ಕೇಳಿದ ಹಾಡುಗಳು. ಹಾಗಾಗಿ ಎಂಬತ್ತು ದಾಟಿದವರಿಗೆ ಯಾವುದೋ ‘ರಿಲ್ಯಾಕ್ಸ್ ಮ್ಯೂಸಿಕ್’ ಹಾಕಿ ಪ್ರಯೋಜನವಿಲ್ಲ. 1960ರ ಆಸುಪಾಸಿನಲ್ಲಿ ಅವರ ಕಿವಿಗೆ ಬಿದ್ದದ್ದೇನು? ರೇಡಿಯೊದ ಕಾಳಿಂಗರಾಯರೋ, ಟೂರಿಂಗ್ ಟಾಕೀಸಿನ ಪಿ.ಬಿ. ಶ್ರೀನಿವಾಸರೋ, ಊರ ಬಯಲಾಟದ ಪದವೋ, ಮೊಹರಂ ಹಾಡೋ? ಅವರ ತಮ್ಮ ತಂಗಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಸ್ನಾನಕ್ಕೆ ಹಟ ಮಾಡುವವರು, ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಬಾಗಿಲು ಬಡಿಯುವವರು ಇದ್ದಾರಲ್ಲ, ಅವರಿಗೆ ಆ ಹೊತ್ತಿಗೆ ಸ್ವಲ್ಪ ಮುಂಚೆ ಹಾಡು ಶುರು ಮಾಡುವುದು ಒಳ್ಳೆಯದು. ರಂಪ ಆರಂಭವಾದ ಮೇಲಲ್ಲ. ಟಿವಿ ಆರಿಸಿರಬೇಕು. ಇಪ್ಪತ್ತು, ಮೂವತ್ತು ನಿಮಿಷ ಸಾಕು. ಮುಖ ನೋಡುತ್ತಿರಬೇಕು, ಏಕೆಂದರೆ ತೀರಿಹೋದವರನ್ನು ನೆನಪಿಸಿ ಅಳಿಸುವ ಹಾಡುಗಳೂ ಇರುತ್ತವೆ. ಹುಬ್ಬು ಗಂಟಿಕ್ಕಿತೋ, ಕೈ ಸೀರೆಯ ಸೆರಗನ್ನು ಹಿಂಡತೊಡಗಿತೋ, ಹಾಡು ಬದಲಿಸಿ. ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕಿದರೆ ಟವೆಲು ತೆಗೆದುಕೊಂಡು ಬಚ್ಚಲಿಗೆ ಹೊರಡಿಸಬಹುದು, ನಡುವೆ ಹಾಡು ನಿಲ್ಲಿಸದೆ.