ಬಾಗಿಲಿಗೆ ಬೇವು, ಒಳಗೆ 'ಅಮ್ಮ'

ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟಿದ್ದರೆ ಆ ಮನೆಯಲ್ಲಿ ಹಬ್ಬವೋ ಮದುವೆಯೋ ಇದೆ ಎಂದು ಅರ್ಥ. ಯುಗಾದಿಯಲ್ಲದ ದಿನ ಅದೇ ಬಾಗಿಲಿಗೆ ಬರೀ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಹಾಲಿನವನು ಹೊಸ್ತಿಲ ಹೊರಗಿಟ್ಟ ಪಾತ್ರೆಗೆ ಹಾಲು ಸುರಿದು ಹೋಗುತ್ತಿದ್ದ. ನೆಂಟರು ಜಗಲಿಯಿಂದಲೇ ಹಿಂದಿರುಗುತ್ತಿದ್ದರು. ಏನಾಗಿದೆ ಎಂದು ಕೇಳುವಂತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಯಾರಿಗೋ 'ಅಮ್ಮ' ಆಗಿದೆ.

ಸಿಡುಬು, ಮೈಲಿ ಎಂದು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಅಪಚಾರವೆಂದು ಭಾವಿಸಿದ್ದ ಕಾಲವದು. ಮಾರಮ್ಮ ಮೈಮೇಲೆ ಬಂದಿದ್ದಾಳೆ, ಬಂದವಳನ್ನು ತಣಿಸಿ ಕಳಿಸಬೇಕು ಎಂಬುದು ನಂಬಿಕೆ. ಅದಕ್ಕೆ ತಕ್ಕ ಕಟ್ಟಳೆಗಳಿದ್ದವು. ಊರಿನಿಂದ ಊರಿಗೆ ಅಷ್ಟಿಷ್ಟು ವ್ಯತ್ಯಾಸವಿದ್ದರೂ ಸಾರ ಒಂದೇ. ಮಗುವನ್ನು ಬೇರೆ ಕೋಣೆಯಲ್ಲಿ, ಕೋಣೆ ಇಲ್ಲದಿದ್ದರೆ ಮೂಲೆಯಲ್ಲಿ ಸೀರೆಯ ಮರೆ ಕಟ್ಟಿ ಮಲಗಿಸುವುದು. ಹಾಸಿಗೆಯ ಮೇಲೆ ಬೇವಿನೆಲೆ. ಕಡಿತ ತಾಳಲಾರದಾದರೆ ಉಗುರು ತಾಗಿಸದೆ ಬೇವಿನ ಸೊಪ್ಪಿನಿಂದ ಸವರುವುದು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಬಾಣಲೆ ಒಲೆಗೇರುವಂತಿಲ್ಲ. ಮೊಸರನ್ನ, ಅಂಬಲಿ, ಎಳನೀರು ಮಾತ್ರ. ಮನೆಯವರು ಮದುವೆ ಮುಂಜಿಗೆ ಹೋಗುವಂತಿಲ್ಲ, ಹೊರಗಿನವರು ಬರುವಂತಿಲ್ಲ. ಹಲವು ಮನೆಗಳಲ್ಲಿ ಆ ದಿನಗಳ ಬಟ್ಟೆಯನ್ನು ಮಡಿವಾಳರಿಗೂ ಹಾಕುತ್ತಿರಲಿಲ್ಲ. ಹಕ್ಕಳೆಗಳೆಲ್ಲ ಉದುರಿದ ಮೇಲೆ ಬೇವು, ಅರಿಶಿನ ಹಾಕಿದ ನೀರಿನಲ್ಲಿ ತಲೆಗೆ ಸ್ನಾನ. ಅಮ್ಮನ ಗುಡಿಯಲ್ಲಿ ಮೊಸರನ್ನದ 'ತಂಪು'. ಅಲ್ಲಿಗೆ ಬಾಗಿಲಿನ ಬೇವು ಇಳಿಯುತ್ತಿತ್ತು.

ಈ ಕಟ್ಟಳೆಯಿಂದ ದೇವಿಯ ಹೆಸರನ್ನು ತೆಗೆದು ಓದಿದರೆ ಅದು ಆರೋಗ್ಯಾಧಿಕಾರಿಯೊಬ್ಬರು ಹೊರಡಿಸಿದ ಆದೇಶದಂತೆಯೇ ಕಾಣುತ್ತದೆ! ರೋಗಿಯನ್ನು ಬೇರೆ ಇಡಿ, ಜನ ಸೇರಬೇಡಿ, ಬಟ್ಟೆ ಹೊರಗೆ ಕಳಿಸಬೇಡಿ. ರೋಗಾಣುವಿನ ಸುಳಿವೇ ಇಲ್ಲದ ಜನ ಅನುಭವದಿಂದಲೇ ಇಷ್ಟನ್ನು ಕಂಡುಕೊಂಡಿದ್ದರು. ಎಲ್ಲಕ್ಕಿಂತ ಜಾಣತನದ್ದು, ರೋಗಿಯ ಬಳಿ ಯಾರು ಇರಬೇಕೆಂಬ ತೀರ್ಮಾನ. ಮುಖದ ಮೇಲೆ ಮೈಲಿಕಲೆ ಇದ್ದ ಅತ್ತೆಯೋ ಅಜ್ಜಿಯೋ ಆ ಕೋಣೆಗೆ ಹೋಗುತ್ತಿದ್ದರು. ಒಮ್ಮೆ ಅಮ್ಮ ಬಂದುಹೋದವರಿಗೆ ಆಕೆ ಮತ್ತೆ ಬರುವುದಿಲ್ಲ ಎಂದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು.

ಲಸಿಕೆಯ ಬುನಾದಿಯೂ ಇದೇ ತಿಳಿವಳಿಕೆ. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮಾಡಿದ ಪ್ರಯೋಗದ ಫಲ 1802ರ ಜೂನ್‌ನಲ್ಲಿ ಮುಂಬಯಿ ತಲುಪಿ, ಮೂರು ವರ್ಷದ ಹೆಣ್ಣುಮಗುವೊಂದು ಭಾರತದಲ್ಲಿ ಮೊದಲ ಲಸಿಕೆ ಪಡೆಯಿತು. ಮೈಸೂರಿನ ಅರಮನೆಯೂ ಹಿಂದೆ ಬೀಳಲಿಲ್ಲ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ವರ್ಣಚಿತ್ರವೊಂದಿದೆ. ಅದರಲ್ಲಿರುವ ಕಿರಿಯ ರಾಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ, ಚಿತ್ರದ ಉದ್ದೇಶವೇ ಲಸಿಕೆಯ ಪ್ರಚಾರ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ರಾಣಿಯ ತೋಳು ಕಂಡರೂ ಪ್ರಜೆಗಳ ಅಂಜಿಕೆ ಬೇಗ ಹೋಗಲಿಲ್ಲವೆನ್ನಿ. ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳನ್ನು ಅಟ್ಟದ ಮೇಲೆ, ಕಣಜದ ಹಿಂದೆ ಅಡಗಿಸುವುದು ಹಳ್ಳಿಗಳಲ್ಲಿ 20ನೇ ಶತಮಾನದಲ್ಲೂ ಇತ್ತು.

ಮನೆಮಾತಿನಲ್ಲಿ 'ಅಮ್ಮ' ಇಬ್ಬರು. ಕೊಲ್ಲುವ ದೊಡ್ಡಮ್ಮ ಸಿಡುಬು. ಕಾಡಿಸಿ ಹೋಗುವ ಚಿಕ್ಕಮ್ಮ ಸೀತಾಳೆ ಸಿಡುಬು. ಹೆಸರಿನಲ್ಲಿ ಅಕ್ಕತಂಗಿಯರಾದರೂ ಇವರ ವೈರಸ್‌ಗಳಿಗೆ ಪರಸ್ಪರ ನೆಂಟಸ್ತಿಕೆಯಿಲ್ಲ. ಸಿಡುಬಿನ ಬೊಕ್ಕೆಗಳು ಮುಖ, ಕೈಕಾಲುಗಳಲ್ಲಿ ಹೆಚ್ಚು. ಅಂಗೈ ಅಂಗಾಲನ್ನೂ ಬಿಡುತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಬಲಿಯುತ್ತಿದ್ದವು. ಸೀತಾಳೆಯ ಗುಳ್ಳೆಗಳು ಎದೆ, ಬೆನ್ನು, ಹೊಟ್ಟೆಯ ಮೇಲೆ ಹೆಚ್ಚು. ಒಂದು ಒಣಗುವಾಗ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಇವೆರಡೂ ಬೇರೆ ಬೇರೆ ರೋಗಗಳೆಂದು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲಿ ವಿವರಿಸಿದರು.

ನಮ್ಮ ಕಟ್ಟಳೆ ಇಬ್ಬರಿಗೂ ಒಂದೇ. ಆದರೆ ಅದರ ಅಳತೆ ತೆಗೆದದ್ದು ದೊಡ್ಡಮ್ಮನ ಮೈಗೆ. ಸಿಡುಬು ತಗಲಿದವನು ಹತ್ತು ಹನ್ನೆರಡು ದಿನ ಆರೋಗ್ಯವಾಗಿಯೇ ಓಡಾಡುತ್ತಿದ್ದ. ಆಗ ಅವನಿಂದ ಯಾರಿಗೂ ಅಂಟುತ್ತಿರಲಿಲ್ಲ. ಜ್ವರ ಬಂದು ಬೊಕ್ಕೆ ಏಳುವಾಗಲೇ ಅಪಾಯದ ಆರಂಭ. ಆಗ ಬಾಗಿಲಿಗೆ ಬೇವು ಸಿಕ್ಕಿಸಿದರೂ ಹೆಚ್ಚು ತಡವಾಗುತ್ತಿರಲಿಲ್ಲ. ಉದುರಿದ ಹಕ್ಕಳೆಯಲ್ಲೂ ಜೀವಂತ ವೈರಸ್ ಇರುತ್ತಿದ್ದುದರಿಂದ ಕೊನೆಯ ಸ್ನಾನದವರೆಗೆ ಕಾಯುವುದೂ ಸರಿಯೇ. 1970ರ ದಶಕದ ಸಿಡುಬು ನಿರ್ಮೂಲನೆಯ ಕೊನೆಯ ಘಟ್ಟದಲ್ಲಿ ಸರ್ಕಾರ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ರೋಗಿಯ ಮನೆ ಬಾಗಿಲಿಗೆ ಹಗಲೂ ರಾತ್ರಿ ಕಾವಲುಗಾರರನ್ನು ಕೂರಿಸಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿತು. ಭಾರತದ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. 1980ರಲ್ಲಿ ಇಡೀ ಜಗತ್ತಿನಿಂದಲೇ ದೊಡ್ಡಮ್ಮ ಹೊರಟುಹೋದಳೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಚಿಕ್ಕಮ್ಮ ಹೋಗಿಲ್ಲ. ಕಟ್ಟಳೆ ಸೋಲುವುದು ಇವಳ ಮುಂದೆಯೇ. ಸೀತಾಳೆ ಸಿಡುಬು ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಅಂಟಲು ಆರಂಭಿಸುತ್ತದೆ. ಗುಳ್ಳೆಯ ನೀರಿನಿಂದಷ್ಟೇ ಅಲ್ಲ, ಗಾಳಿಯ ಮೂಲಕವೂ ಹರಡುತ್ತದೆ. ಬೇವು ಬಾಗಿಲಿಗೇರುವ ಹೊತ್ತಿಗೆ ಮಗು ತಮ್ಮನ ಪಕ್ಕ ಎರಡು ರಾತ್ರಿ ಮಲಗಿ ಎದ್ದಿರುತ್ತದೆ. ರಕ್ಷಣೆ ಇಲ್ಲದವರು ಒಂದೇ ಮನೆಯಲ್ಲಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಯವರೆಗೂ ಇದು ತಗಲಬಹುದು. ತಗಲಿದ್ದು ಹೊರಗೆ ಕಾಣಲು 10ರಿಂದ 21 ದಿನ. ಮೊದಲ ಮಗುವಿನ ಮೈ ವಾಸಿಯಾಗಿ ಅಮ್ಮನಿಗೆ ತಂಪು ಒಪ್ಪಿಸಿ ಬರುವಷ್ಟರಲ್ಲಿ ಎರಡನೆಯದಕ್ಕೆ ಜ್ವರ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಪೂಜೆಯಲ್ಲಿ ಲೋಪವಾಯಿತೆಂದು ಸೊಸೆಯನ್ನು ದೂರಬೇಕಾಗಿಲ್ಲ.

ಹಾಗಾದರೆ ಬೇರೆ ಮಲಗಿಸುವುದೇ ವ್ಯರ್ಥವೆ? ಅಲ್ಲ. ಆದರೆ ಗುಳ್ಳೆ ಕಂಡ ದಿನ ಮನೆಯವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ಯಾರಿಗೆ ಇನ್ನೂ ಆಗಿಲ್ಲ ಎಂಬುದು. ಸಾಮಾನ್ಯವಾಗಿ ಮಕ್ಕಳಿಗೆ ಇದು ಒಂದು ವಾರದ ಕಿರಿಕಿರಿ. ಬಸುರಿ, ಹಸುಗೂಸು, ಕ್ಯಾನ್ಸರ್ ಚಿಕಿತ್ಸೆ ಅಥವಾ ಸ್ಟೀರಾಯ್ಡ್ ಪಡೆಯುತ್ತಿರುವವರಿಗೆ ಮಾತ್ರ ಪ್ರಾಣಕ್ಕೇ ಬರಬಹುದು. ಮೊದಲು ಆಗಿರದ ದೊಡ್ಡವರಿಗೂ ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ನಂತರದೊಳಗೆ ತಾಯಿಗೆ ಗುಳ್ಳೆ ಎದ್ದರೆ ಕೂಸಿಗೆ ದೊಡ್ಡ ಗಂಡಾಂತರ. ಇಂಥವರು ಆ ಮನೆಯಲ್ಲಿದ್ದರೆ ಕಾಯುತ್ತ ಕೂರದೆ ಅಂದೇ ವೈದ್ಯರಿಗೆ ತಿಳಿಸಬೇಕು. ಅವರಿಗೆ ಕೊಡುವ ರಕ್ಷಣೆಯ ಚುಚ್ಚುಮದ್ದಿಗೆ ದಿನಗಳ ಗಡುವಿದೆ. ಆರೋಗ್ಯವಂತರಾದ ಉಳಿದವರಿಗೆ ರೋಗಿಯ ಸಂಪರ್ಕವಾದ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೂ ರೋಗ ತಪ್ಪಬಹುದು, ಇಲ್ಲವೇ ಹಗುರಾಗಬಹುದು. ಬಸುರಿಯರಿಗೆ ಈ ಲಸಿಕೆ ಸಲ್ಲದು. 1974ರಲ್ಲಿ ಜಪಾನಿನ ಮಿಚಿಯಾಕಿ ತಕಹಾಶಿ ರೂಪಿಸಿದ ಈ ಲಸಿಕೆ ನಮ್ಮ ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿ ಇಲ್ಲ. ಕೈಯಿಂದ ಹಣ ಕೊಟ್ಟೇ ಹಾಕಿಸಬೇಕು.

ಆರೈಕೆಗೆ ಅಜ್ಜಿಯರ ನಿಯಮವೇ ಈಗಲೂ ಒಳ್ಳೆಯದು: ಒಮ್ಮೆ ಆಗಿರುವವರು ನೋಡಿಕೊಳ್ಳಲಿ. ಕಿಟಕಿ ತೆರೆದಿರಲಿ. ಒಂದೇ ಕೋಣೆಯ ಮನೆಯಲ್ಲಿ ಬೇರೆ ಇಡುವುದು ಮಾತಿಗಷ್ಟೇ ಸುಲಭ. ಅಲ್ಲಿ ಬಸುರಿಯನ್ನೇ ಕೆಲವು ದಿನ ಬೇರೆಡೆ ಇರಿಸುವುದು ಮೇಲು. ಆದರೆ ಆಕೆಗೂ ಈಗಾಗಲೇ ತಗಲಿರಬಹುದಾದ್ದರಿಂದ, ಹೋಗುವ ಮನೆಯಲ್ಲಿ ಇನ್ನೊಬ್ಬ ಬಸುರಿಯಾಗಲಿ ಕೂಸಾಗಲಿ ಇರಬಾರದು. ಉಗುರು ಕತ್ತರಿಸಬೇಕು, ಕೆರೆದ ಗುಳ್ಳೆ ಕೀವಾದರೆ ಕಲೆ ಉಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಕೊಡಲೇಬಾರದು. ಮಕ್ಕಳಲ್ಲಿ ಅದು ಪಿತ್ತಜನಕಾಂಗ, ಮಿದುಳುಗಳಿಗೆ ಹಾನಿ ಮಾಡಬಹುದು. ಐಬುಪ್ರೊಫೆನ್ ಕೂಡ ಬೇಡ. ವೈರಸ್ ವಿರುದ್ಧದ ಅಸೈಕ್ಲೊವಿರ್ ಮಾತ್ರೆ ಗುಳ್ಳೆ ಕಂಡ ಒಂದು ದಿನದೊಳಗೆ ಆರಂಭಿಸಿದರೆ ಹೆಚ್ಚು ಫಲ. ದೊಡ್ಡವರು ಇದಕ್ಕಾಗಿ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅಮ್ಮನಿಗೆ ಕೋಪ ಬರುತ್ತದೆಂದು ಔಷಧ ಬೇಡವೆನ್ನುವ ಹಟದಲ್ಲಿ ಕಳೆದುಹೋಗುವುದು ಈ ಒಂದು ದಿನವೇ. ಮೊಸರನ್ನಕ್ಕೆ ಯಾರ ಆಕ್ಷೇಪವೂ ಇಲ್ಲ. ಅದರ ಜೊತೆಗೆ ಬೇಳೆ, ಹಾಲು, ಮೊಟ್ಟೆಯನ್ನೂ ತಿನ್ನಬಹುದು.

ಇನ್ನೊಂದು ಸಂಗತಿ ಮನೆಯವರ ಗಮನಕ್ಕೆ ಬರುವುದೇ ಇಲ್ಲ. ವಾಸಿಯಾದ ಮೇಲೂ ಸೀತಾಳೆಯ ವೈರಸ್ ನರಗಳ ಬುಡದಲ್ಲಿ ಅಡಗಿರುತ್ತದೆ. ಮುಪ್ಪಿನಲ್ಲಿ ಮೈಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಏಳುವ ಸರ್ಪಸುತ್ತು ಅದರದ್ದೇ ಮರುಹುಟ್ಟು. ತಾತನ ಸರ್ಪಸುತ್ತಿನ ಗುಳ್ಳೆ ಮುಟ್ಟಿದ ಮೊಮ್ಮಗುವಿಗೆ ಸೀತಾಳೆ ಬರಬಹುದು. ಕೆಮ್ಮಣ್ಣು ಮೆತ್ತುವ ಬದಲು ಶುಭ್ರವಾದ ಬಟ್ಟೆಯಿಂದ ಮುಚ್ಚಿದರೆ ಇಬ್ಬರಿಗೂ ಕ್ಷೇಮ.

ಉಳಿದದ್ದು ಆ ಕೊನೆಯ ಸ್ನಾನದ ಮಾತು. ಸೀತಾಳೆಯ ಒಣ ಹಕ್ಕಳೆಯಿಂದ ರೋಗ ಅಂಟುವುದಿಲ್ಲ. ಹೊಸ ಗುಳ್ಳೆ ಏಳುವುದು ನಿಂತು, ಇದ್ದವೆಲ್ಲ ಒಣಗಿದರೆ, ಅಂದರೆ ಸುಮಾರು ಐದರಿಂದ ಏಳು ದಿನಕ್ಕೆ, ಮಗು ಶಾಲೆಗೆ ಹೋಗಬಹುದು. ಉದುರುವವರೆಗೆ ಕಾಯಬೇಕಾಗಿಲ್ಲ. ಸ್ನಾನಕ್ಕಂತೂ ಏಳು ದಿನವೂ ಬೇಡ. ದಿನಾ ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಮೆತ್ತಗೆ ಒತ್ತಿ ಒರೆಸಿದರೆ ಕಡಿತ ತಗ್ಗುತ್ತದೆ. ನೀರಿಗೆ ನಾಲ್ಕು ಎಸಳು ಬೇವು ಹಾಕಿದರೆ ವೈದ್ಯರೇನೂ ಬೇಡವೆನ್ನುವುದಿಲ್ಲ.