ಸಿಗ್ನಲ್ ದೀಪಗಳು ಎಳೆಯುವ ಗೆರೆಗಳು: ರಾತ್ರಿ ರಸ್ತೆಯ ಅಮೂರ್ತ ಛಾಯಾಗ್ರಹಣ

ರಾತ್ರಿಯ ವೃತ್ತದಲ್ಲಿ ಕ್ಯಾಮೆರಾದ ಶಟರನ್ನು ಹಲವು ಸೆಕೆಂಡುಗಳ ಕಾಲ ತೆರೆದಿಟ್ಟು, ಸಂಚಾರ ದೀಪಗಳನ್ನೂ ವಾಹನಗಳ ಬೆಳಕನ್ನೂ ಗೆರೆ, ಪಟ್ಟಿ ಮತ್ತು ಬಣ್ಣದ ಹರಹುಗಳಾಗಿ ಮೂಡಿಸುವ ಪದ್ಧತಿಯನ್ನು ದೀರ್ಘಾವಧಿ ಛಾಯಾಗ್ರಹಣ ಅಥವಾ ಛಾಯಾಗ್ರಾಹಕರ ಬಳಕೆಯ ಮಾತಿನಲ್ಲಿ ಲಾಂಗ್ ಎಕ್ಸ್‌ಪೋಷರ್ ಎನ್ನುತ್ತಾರೆ. ಕ್ಯಾಮೆರಾದೊಳಗೆ ಬೆಳಕನ್ನು ತಡೆದು ನಿಲ್ಲಿಸುವ ಶಟರ್ ಎಂಬ ಪರದೆ ಹಗಲಿನ ಚಿತ್ರಗಳಲ್ಲಿ ಸೆಕೆಂಡಿನ ನೂರನೆಯ ಅಥವಾ ಇನ್ನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದುಕೊಂಡರೆ, ಇಲ್ಲಿ ಅದು ಅರ್ಧ ಸೆಕೆಂಡಿನಿಂದ ಮೂವತ್ತು ಸೆಕೆಂಡಿನವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತೆರೆದೇ ಇರುತ್ತದೆ. ಆ ಅವಧಿಯಲ್ಲಿ ಚಲಿಸಿದ ಪ್ರತಿಯೊಂದು ದೀಪವೂ ತಾನು ಸಾಗಿದ ದಾರಿಯನ್ನು ಸಂವೇದಕದ ಮೇಲೆ, ಎಂದರೆ ಹಿಂದೆ ಫಿಲ್ಮ್ ಇದ್ದ ಜಾಗದಲ್ಲಿ ಈಗಿರುವ ಬೆಳಕು ಗ್ರಹಿಸುವ ಫಲಕದ ಮೇಲೆ, ಗೆರೆಯಾಗಿ ಬಿಟ್ಟುಹೋಗುತ್ತದೆ. ವಾಹನ, ಕಂಬ, ಅಂಗಡಿಗಳ ಗುರುತು ಅಳಿದು ಬೆಳಕಿನ ವಿನ್ಯಾಸವಷ್ಟೇ ಉಳಿದಾಗ ಆ ಚಿತ್ರವನ್ನು ಅಮೂರ್ತವೆಂದು ಕರೆಯುತ್ತಾರೆ. ಇಂಥ ಚಿತ್ರಗಳು ಆಕಸ್ಮಿಕವಾಗಿ ಒದಗುವ ಅಲಂಕಾರಗಳೆಂಬ ಭಾವನೆ ಸಾಮಾನ್ಯವಾಗಿದ್ದರೂ, ಎಚ್ಚರದಿಂದ ನೋಡಿದವರಿಗೆ ಅವುಗಳ ಒಂದೊಂದು ಗೆರೆಯೂ ದೀಪ ಉರಿಯುವ ಬಗೆಯನ್ನು, ವಾಹನದ ವೇಗವನ್ನು ಮತ್ತು ಸಿಗ್ನಲ್ ಬದಲಾಗುವ ಕಾಲವನ್ನು ನಿಖರವಾಗಿ ದಾಖಲಿಸಿರುವುದು ಕಾಣಿಸುತ್ತದೆ.

ಈ ಪ್ರಯೋಗಕ್ಕೆ ದಾವಣಗೆರೆಯಂಥ ಮಧ್ಯಮ ಗಾತ್ರದ ನಗರ ಬೆಂಗಳೂರಿಗಿಂತ ಹೆಚ್ಚು ಅನುಕೂಲವಾದದ್ದು. ಹಳೆಯ ಪುಣೆ–ಬೆಂಗಳೂರು ರಸ್ತೆ ಪಿ.ಬಿ. ರಸ್ತೆ ಎಂಬ ಹೆಸರಿನಲ್ಲಿ ಊರಿನ ನಡುವೆಯೇ ಹಾದುಹೋಗುತ್ತದೆ. ಹಿಂದೆ ನಾಲ್ಕನೆಯ ಸಂಖ್ಯೆಯಿಂದ ಪರಿಚಿತವಾಗಿದ್ದು ಈಗ 48ನೆಯ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿ ಬೈಪಾಸ್ ಆಗಿ ಊರನ್ನು ಬಳಸಿಕೊಂಡು ಸಾಗುತ್ತದೆ. ಒಳರಸ್ತೆಯಲ್ಲಿ ಆಟೊ, ಸ್ಕೂಟರ್, ಸಾರಿಗೆ ಬಸ್ಸು, ಟ್ರ್ಯಾಕ್ಟರುಗಳು ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ಎತ್ತರದಲ್ಲಿ ದೀಪ ಹೊತ್ತು ಚಲಿಸಿದರೆ, ಬೈಪಾಸಿನಲ್ಲಿ ಲಾರಿಗಳ ಬೆಳಕು ಬಹುಮಟ್ಟಿಗೆ ಸಮವೇಗದಲ್ಲಿ ಹರಿಯುತ್ತದೆ. ಸರಸ್ವತಿ ನಗರದಂಥ ವಸತಿ ಪ್ರದೇಶದ ಬೀದಿ ಇವೆರಡಕ್ಕಿಂತ ಬೇರೆಯದು. ಅಲ್ಲಿ ವಾಹನಗಳು ಬಿಟ್ಟುಬಿಟ್ಟು ಬರುವುದರಿಂದ ಒಂದೇ ದೀಪದ ಒಂದೇ ಗೆರೆಯನ್ನು ಬಿಡಿಯಾಗಿ ಅಭ್ಯಾಸ ಮಾಡುವುದು ಸಾಧ್ಯ. ಹೊಸದಾಗಿ ಕಲಿಯುವವರು ಮನೆಯ ಮುಂದಿನ ಬೀದಿಯಲ್ಲಿ ಒಂಟಿ ದೀಪವನ್ನು ಅರಿತುಕೊಂಡು, ಆಮೇಲೆ ಜಯದೇವ ವೃತ್ತದಂಥ ದಟ್ಟಣೆಯ ಜಾಗಕ್ಕೆ ಹೋಗುವುದು ಒಳ್ಳೆಯದು.

ಶಟರನ್ನು ದೀರ್ಘಕಾಲ ತೆರೆದಿಡುವುದು ಛಾಯಾಗ್ರಹಣದ ಆರಂಭದಲ್ಲಿ ಆಯ್ಕೆಯಾಗಿರದೆ ಅನಿವಾರ್ಯವಾಗಿತ್ತು. ಫ್ರಾನ್ಸಿನ ಲೂಯಿ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಜನನಿಬಿಡ ಬೀದಿಯೊಂದನ್ನು ಚಿತ್ರಿಸಿದಾಗ ಬೆಳಕು ದಾಖಲಾಗಲು ಹಲವು ನಿಮಿಷಗಳು ಹಿಡಿದುದರಿಂದ, ಓಡಾಡುತ್ತಿದ್ದ ಗಾಡಿಗಳೂ ಜನರೂ ಅಳಿಸಿಹೋಗಿ, ಬೂಟು ಹೊಳಪು ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬನ ಆಕೃತಿ ಸ್ಪಷ್ಟವಾಗಿ ಉಳಿಯಿತು. ಚಲಿಸುವ ಕಪ್ಪು ವಸ್ತು ಮಾಯವಾಗುತ್ತದೆ, ಚಲಿಸುವ ಬೆಳಕು ಗೆರೆಯಾಗುತ್ತದೆ ಎಂಬ ಎರಡು ನಿಯಮಗಳಲ್ಲಿ ಮೊದಲನೆಯದು ಹೀಗೆ ಛಾಯಾಚಿತ್ರದ ಹುಟ್ಟಿನೊಂದಿಗೇ ಕಾಣಿಸಿಕೊಂಡಿತ್ತು. ಎರಡನೆಯದನ್ನು ಬೀದಿಯ ದೀಪಗಳಿಗೆ ಅನ್ವಯಿಸಿ ಅದನ್ನು ಕಲೆಯ ಮಟ್ಟಕ್ಕೆ ಕೊಂಡೊಯ್ದವರು ಷಿಕಾಗೊದಲ್ಲಿ ನೆಲೆಸಿದ್ದ ಕಲಾವಿದರು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದ ಹಂಗೆರಿ ಮೂಲದ ಲಾಸ್ಲೊ ಮೊಹೊಲಿ-ನಾಜ್ 1937ರಲ್ಲಿ ಷಿಕಾಗೊಗೆ ಬಂದು ಹೊಸ ಕಲಾಶಾಲೆಯೊಂದನ್ನು ಆರಂಭಿಸಿದರು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಕೊಡಾಕ್ರೋಮ್ ಬಣ್ಣದ ಫಿಲ್ಮಿನಲ್ಲಿ ಅವರು ರಾತ್ರಿಯ ವಾಹನಗಳ ಕೆಂಪು, ಗುಲಾಬಿ, ಬಿಳಿ ಹೊನಲುಗಳನ್ನು ಹಿಡಿದರು. ಅವರು ತೀರಿಕೊಂಡ 1946ರಲ್ಲಿಯೇ ಅದೇ ಶಾಲೆಗೆ ಅಧ್ಯಾಪಕರಾಗಿ ಸೇರಿದ ಹ್ಯಾರಿ ಕ್ಯಾಲಹನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ದೀಪಗಳು ನಿಂತಲ್ಲೇ ನಿಂತಿರುವಾಗ ಕ್ಯಾಮೆರಾವನ್ನೇ ಆಡಿಸಿ ನಿಯಾನ್ ಬೆಳಕಿನ ಸುರುಳಿಗಳನ್ನು ಬರೆಸಿದರು. ಇಂದು ಛಾಯಾಗ್ರಾಹಕರು ಉದ್ದೇಶಪೂರ್ವಕ ಕ್ಯಾಮೆರಾ ಚಲನೆ ಎಂದು ಕರೆಯುವ ವಿಧಾನದ ಆರಂಭಿಕ ಪ್ರಯೋಗಗಳಲ್ಲಿ ಆ ಚಿತ್ರಗಳಿಗೆ ಗೌರವದ ಸ್ಥಾನವಿದೆ.

ತಂತ್ರದ ವಿಷಯದಲ್ಲಿ ಆರಂಭಿಕರನ್ನು ಹೆಚ್ಚು ಗೊಂದಲಕ್ಕೀಡು ಮಾಡುವ ಸಂಗತಿಯೊಂದನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಚಿತ್ರ ಬೆಳ್ಳಗಾಗುತ್ತದೆ ಎಂಬ ತಿಳಿವಳಿಕೆ ನಿಂತ ವಸ್ತುಗಳ ಮಟ್ಟಿಗೆ ಮಾತ್ರ ನಿಜ. ಚಲಿಸುವ ದೀಪವು ಸಂವೇದಕದ ಒಂದು ಬಿಂದುವಿನ ಮೇಲೆ ಕ್ಷಣಮಾತ್ರವಿದ್ದು ಮುಂದಿನ ಬಿಂದುವಿಗೆ ಸರಿಯುವುದರಿಂದ, ಐದು ಸೆಕೆಂಡು ತೆರೆದಿಟ್ಟರೂ ಇಪ್ಪತ್ತು ಸೆಕೆಂಡು ತೆರೆದಿಟ್ಟರೂ ಆ ಗೆರೆಯ ಹೊಳಪು ಒಂದೇ ಆಗಿರುತ್ತದೆ. ಗೆರೆ ಉದ್ದವಾಗಬಹುದು ಅಥವಾ ಗೆರೆಗಳ ಸಂಖ್ಯೆ ಹೆಚ್ಚಬಹುದು, ಅಷ್ಟೆ. ಗೆರೆಯ ಹೊಳಪನ್ನು ನಿರ್ಧರಿಸುವವು ಮೂರು: ಮಸೂರದೊಳಗಿನ ಬೆಳಕಿಂಡಿಯ ಅಗಲವನ್ನು ಸೂಚಿಸುವ ಅಪರ್ಚರ್, ಸಂವೇದಕದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ, ಮತ್ತು ವಾಹನದ ವೇಗ. ನಿಧಾನವಾಗಿ ಹೋಗುವ ಆಟೊ ಅದೇ ಪ್ರಖರತೆಯ ದೀಪವುಳ್ಳ ವೇಗದ ಕಾರಿಗಿಂತ ಗಾಢವಾದ ಗೆರೆ ಬಿಡುತ್ತದೆ, ಕೆಂಪು ದೀಪಕ್ಕೆ ನಿಂತ ಬಸ್ಸು ಗೆರೆಯ ಬದಲು ಬಣ್ಣ ಕಳೆದುಕೊಂಡ ಬಿಳಿ ಚುಕ್ಕೆಯನ್ನು ಉಳಿಸುತ್ತದೆ. ಆದ್ದರಿಂದಲೇ ನುರಿತವರು ಹಸಿರು ದೀಪ ಹೊತ್ತಿ ಸಾಲು ಸರಾಗವಾಗಿ ಹೊರಟ ಮೇಲೆ ಶಟರ್ ತೆರೆಯುತ್ತಾರೆ. ಐಎಸ್‌ಒ 100, ಅಪರ್ಚರ್ ಎಫ್/8ರಿಂದ ಎಫ್/11, ಅವಧಿ ಹತ್ತರಿಂದ ಇಪ್ಪತ್ತು ಸೆಕೆಂಡು ಎಂಬುದು ಪೇಟೆಯ ವೃತ್ತಕ್ಕೆ ಒಪ್ಪುವ ಆರಂಭದ ಅಳತೆ. ಗೆರೆ ಮಂಕಾದರೆ ಅಪರ್ಚರನ್ನೂ ಹಿನ್ನೆಲೆ ಮಂಕಾದರೆ ಅವಧಿಯನ್ನೂ ಬದಲಿಸಬೇಕು.

ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಟ್ರೈಪಾಡ್, ಗುಂಡಿ ಒತ್ತುವಾಗಿನ ಕದಲಿಕೆಯನ್ನು ತಪ್ಪಿಸುವ ಎರಡು ಸೆಕೆಂಡಿನ ಟೈಮರ್ ಇದ್ದರೆ ಇಷ್ಟು ಕೆಲಸ ಸಾಗುತ್ತದೆ. ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ, ರಸ್ತೆಯ ಉದ್ದಕ್ಕೆ ಮುಖ ಮಾಡಿದ ಕ್ಯಾಮೆರಾದಲ್ಲಿ ದೂರ ಸಾಗುವ ಕೆಂಪು ಗೆರೆಗಳು ಎಡಭಾಗದಲ್ಲೂ ಎದುರು ಬರುವ ಬಿಳಿ ಗೆರೆಗಳು ಬಲಭಾಗದಲ್ಲೂ ಕೂಡುತ್ತವೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಎಂಜಿನ್ ಚಾಲೂ ಆದೊಡನೆ ತಾನಾಗಿಯೇ ಉರಿಯುವುದು ಕಡ್ಡಾಯವಾದ ಮೇಲೆ, ಕತ್ತಲಾಗುವ ಮೊದಲಿನ ಮುಸ್ಸಂಜೆಯಲ್ಲೂ ಬಿಳಿ ಗೆರೆಗಳು ಸಾಕಷ್ಟು ದೊರೆಯುತ್ತಿವೆ. ಆದರೆ ಆ ಮುಸ್ಸಂಜೆ ನಮ್ಮಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ದಾವಣಗೆರೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು ಹದಿನಾಲ್ಕೂವರೆ ಡಿಗ್ರಿಯಷ್ಟೇ ದೂರವಿರುವುದರಿಂದ ಸೂರ್ಯ ಬಹುಮಟ್ಟಿಗೆ ನೇರವಾಗಿ ಕೆಳಗಿಳಿದು, ಆಕಾಶ ಇಪ್ಪತ್ತು–ಇಪ್ಪತ್ತೈದು ನಿಮಿಷಗಳಲ್ಲಿ ಕಡುನೀಲಿಗೆ ತಿರುಗುತ್ತದೆ. ಯುರೋಪಿನ ಪುಸ್ತಕಗಳು ವರ್ಣಿಸುವ ದೀರ್ಘ ಸಂಜೆಯನ್ನು ನೆಚ್ಚಿಕೊಂಡವರಿಗೆ ಇಲ್ಲಿ ಸಿದ್ಧತೆಗೂ ಸಮಯ ಸಾಲದು.

ವಾಹನಗಳ ಹೊನಲನ್ನು ಚಿತ್ರಿಸುವುದು ಈಗ ಎಲ್ಲೆಡೆ ರೂಢಿಯಾಗಿದ್ದು, ಅಂಥ ಚಿತ್ರಗಳಲ್ಲಿ ಒಂದು ಊರಿಗೂ ಇನ್ನೊಂದು ಊರಿಗೂ ವ್ಯತ್ಯಾಸ ಕಾಣದಂತಾಗಿದೆ. ನಿಜವಾದ ಪ್ರಯೋಗದ ಅವಕಾಶವಿರುವುದು ಸಿಗ್ನಲ್ ದೀಪದಲ್ಲಿಯೇ. ಕಂಬದ ಮೇಲೆ ಕೆಂಪು ಮೇಲಕ್ಕೂ ಹಳದಿ ನಡುವೆಯೂ ಹಸಿರು ಕೆಳಗೂ ಇರುತ್ತವೆ, ಮತ್ತು ಯಾವುದೇ ಕ್ಷಣದಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಉರಿಯುತ್ತದೆ. ಹಸಿರು ಆರುವುದಕ್ಕೆ ಎರಡು ಸೆಕೆಂಡು ಮುಂಚೆ ಶಟರ್ ತೆರೆದು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಒಂದೇ ಸಮನಾಗಿ ಅಡ್ಡಕ್ಕೆ ತಿರುಗಿಸುತ್ತಾ, ಕೆಂಪು ಹೊತ್ತಿ ಎರಡು ಸೆಕೆಂಡು ಕಳೆಯುವವರೆಗೆ ಕಾದರೆ, ಮೊದಲು ಹಸಿರಿನ ಅಡ್ಡಗೆರೆ ಮೂಡಿ ನಿಲ್ಲುತ್ತದೆ, ಅದು ಮುಗಿದಲ್ಲಿಂದ ಒಂದು ಹಂತ ಮೇಲೆ ಹಳದಿಯ ಗೆರೆ ಆರಂಭವಾಗುತ್ತದೆ, ಅದೂ ನಿಂತು ಇನ್ನೂ ಒಂದು ಹಂತ ಮೇಲೆ ಕೆಂಪು ಗೆರೆ ಮುಂದುವರಿಯುತ್ತದೆ. ಮೂರು ಬಣ್ಣದ ಮೆಟ್ಟಿಲುಗಳಂತೆ ಏರುವ ಈ ಆಕಾರದಲ್ಲಿ ಹಳದಿಯ ಉದ್ದವು ಆ ದೀಪ ಎಷ್ಟು ಹೊತ್ತು ಉರಿಯಿತೆಂಬುದರ ನೇರ ಅಳತೆ. ಚಿತ್ರ ಸಂಪೂರ್ಣ ಅಮೂರ್ತವಾಗಿದ್ದರೂ ಅದರೊಳಗೆ ವೃತ್ತದ ಸಮಯಪಟ್ಟಿಯೇ ಅಡಗಿರುತ್ತದೆ. ಸಿಗ್ನಲ್ಲಿನ ಎಲ್‌ಇಡಿ ದೀಪಗಳು ಬಹಳ ಪ್ರಖರವಾದ್ದರಿಂದ ಇಂಥ ಚಿತ್ರಕ್ಕೆ ಬೆಳಕಿಂಡಿಯನ್ನು ಎಫ್/16ರವರೆಗೆ ಕಿರಿದುಗೊಳಿಸಬೇಕಾಗುತ್ತದೆ, ಇಲ್ಲವಾದರೆ ಕೆಂಪು ತನ್ನ ಮಿತಿ ಮೀರಿ ಬಿಳಿಗೆ ಅಥವಾ ಹಳದಿಗೆ ತಿರುಗಿ ಪ್ರಯೋಗದ ಸತ್ತ್ವವೇ ಹೋಗುತ್ತದೆ.

ಹಲವು ಸಿಗ್ನಲ್‌ಗಳ ಪಕ್ಕದಲ್ಲಿ ಉಳಿದ ಸೆಕೆಂಡುಗಳನ್ನು ಇಳಿಮುಖವಾಗಿ ತೋರಿಸುವ ಅಂಕಿಫಲಕವಿರುತ್ತದೆ. ಅದರ ಒಂದೊಂದು ಅಂಕಿಯೂ ಏಳು ಕಡ್ಡಿಗಳಿಂದ ರಚಿತವಾದದ್ದು. ಹತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಒಂಬತ್ತರಿಂದ ಸೊನ್ನೆಯವರೆಗಿನ ಎಲ್ಲ ಅಂಕಿಗಳೂ ಒಂದರ ಮೇಲೊಂದು ಬಿದ್ದು, ಬಿಡಿ ಸ್ಥಾನದಲ್ಲಿ ಎಂಟರ ಆಕಾರ ಮೂಡುತ್ತದೆ. ಬೆಳಕನ್ನು ಮಿತವಾಗಿ ಬಿಟ್ಟುಕೊಂಡಿದ್ದರೆ ಆ ಎಂಟರ ಕಡ್ಡಿಗಳು ಒಂದೇ ಹೊಳಪಿನವಾಗಿರುವುದಿಲ್ಲ: ಕೆಳಗಿನ ಬಲಗಡೆಯ ಕಡ್ಡಿ ಎರಡನ್ನು ಬಿಟ್ಟು ಉಳಿದ ಒಂಬತ್ತು ಅಂಕಿಗಳಲ್ಲೂ ಉರಿಯುವುದರಿಂದ ಅತಿ ಪ್ರಕಾಶಮಾನವಾಗಿಯೂ, ಕೆಳಗಿನ ಎಡಗಡೆಯ ಕಡ್ಡಿ ಸೊನ್ನೆ, ಎರಡು, ಆರು, ಎಂಟು ಎಂಬ ನಾಲ್ಕರಲ್ಲಿ ಮಾತ್ರ ಉರಿಯುವುದರಿಂದ ಅತಿ ಮಂಕಾಗಿಯೂ ಕಾಣುತ್ತವೆ. ಜನರು ದಿನವೂ ಅಸಹನೆಯಿಂದ ನೋಡುವ ಫಲಕವೊಂದು ಹೀಗೆ ಕಾಲದ ಲೆಕ್ಕವನ್ನು ಹೊಳಪಾಗಿ ಪರಿವರ್ತಿಸಿ ತೋರಿಸುವುದು ಈ ಕಲೆ ಕೊಡುವ ಅತ್ಯಂತ ಸುಂದರ ಅನುಭವಗಳಲ್ಲಿ ಒಂದು.

ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಅರ್ಧ ಸೆಕೆಂಡಿನ ಅವಧಿಯಲ್ಲಿ ವೇಗವಾಗಿ ಬೀಸಿ ತೆಗೆದ ಚಿತ್ರ ಮತ್ತೊಂದು ರಹಸ್ಯವನ್ನು ಬಯಲು ಮಾಡುತ್ತದೆ. ಭಾರತದ ವಿದ್ಯುತ್ ಪೂರೈಕೆ ಸೆಕೆಂಡಿಗೆ 50 ಆವರ್ತನಗಳ ಪರ್ಯಾಯ ವಿದ್ಯುತ್ತಾಗಿದ್ದು, ಪ್ರತಿ ಆವರ್ತನದಲ್ಲಿ ಎರಡು ಬಾರಿ ದೀಪದ ಬೆಳಕು ಏರಿ ಇಳಿಯುವುದರಿಂದ ಹಳದಿ ಬಣ್ಣದ ಸೋಡಿಯಂ ಬೀದಿದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಇದು ತಿಳಿಯದು. ಬೀಸಿದ ಕ್ಯಾಮೆರಾದಲ್ಲಿ ಆ ದೀಪ ಮಾತ್ರ ಪೋಣಿಸಿದ ಮಣಿಗಳ ಸಾಲಾಗಿ ಮೂಡುತ್ತದೆ, ಮತ್ತು ಅರ್ಧ ಸೆಕೆಂಡಿನ ಸಾಲಿನಲ್ಲಿ ಮಣಿಗಳನ್ನು ಎಣಿಸಿದರೆ ಐವತ್ತು ದೊರೆಯುತ್ತವೆ. ಬ್ಯಾಟರಿಯ ನೇರ ವಿದ್ಯುತ್ತಿನಿಂದ ಉರಿಯುವ ಹಳೆಯ ಬಗೆಯ ವಾಹನ ದೀಪ ಅದೇ ಚಿತ್ರದಲ್ಲಿ ಎಲ್ಲೂ ತುಂಡಾಗದ ಗೆರೆ ಎಳೆಯುತ್ತದೆ. ಹೊಸ ಕಾರುಗಳ ಹಲವು ಎಲ್‌ಇಡಿ ಹಿಂದೀಪಗಳನ್ನು ಹೊಳಪು ತಗ್ಗಿಸುವ ಸಲುವಾಗಿ ಅತಿವೇಗವಾಗಿ ಆರಿಸಿ ಹೊತ್ತಿಸುತ್ತಿರುವುದರಿಂದ ಅವು ಚಿಕ್ಕ ಚಿಕ್ಕ ತುಂಡುಗಳ ಸಾಲಾಗುತ್ತವೆ. ಒಂದೇ ಬೀಸಿನಲ್ಲಿ ಮಣಿ, ಗೆರೆ, ತುಂಡು ಮೂರೂ ಬೇರ್ಪಡುವುದನ್ನು ಕಂಡವರು ಬೆಳಕನ್ನು ಮುಂದೆ ಒಂದೇ ಬಗೆಯದೆಂದು ಭಾವಿಸಲಾರರು.

ಮಸೂರದ ಜೂಮ್ ಬಳೆಯನ್ನು ಶಟರ್ ತೆರೆದಿರುವಾಗಲೇ ತಿರುಗಿಸಿ ಗೆರೆಗಳು ನಡುವಿನಿಂದ ಹೊರಕ್ಕೆ ಚಿಮ್ಮುವಂತೆ ಮಾಡುವುದು, ಫೋಕಸ್ ತಪ್ಪಿಸಿ ದೀಪಗಳನ್ನು ಬಣ್ಣದ ಬಿಲ್ಲೆಗಳಾಗಿ ಹರಡುವುದು ಇತ್ಯಾದಿ ವಿಧಾನಗಳೂ ಇವೆ. ಬೇಗ ಕಲಿಯಬಹುದಾದ ಇವು ಬೇಗ ಬೇಸರವನ್ನೂ ತರುತ್ತವೆ. ಮಳೆ ನಿಂತ ಮೇಲಿನ ಡಾಂಬರು ರಸ್ತೆಯ ಪ್ರತಿಫಲನ ಅವುಗಳಿಗಿಂತ ಹೆಚ್ಚು ಫಲ ಕೊಡುತ್ತದೆ. ಅದಕ್ಕೂ ಮಿಗಿಲಾದದ್ದು ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದ ತುಂಗಭದ್ರಾ ದಂಡೆ. ನದಿಯ ಕಿರುಅಲೆಗಳ ಮೇಲ್ಮೈ ಬೇರೆ ಬೇರೆ ಕೋನಗಳಲ್ಲಿ ಓರೆಯಾಗುತ್ತಿರುವುದರಿಂದ ದಡದ ಪ್ರತಿಯೊಂದು ದೀಪದ ಬಿಂಬವೂ ನೋಡುವವರ ಕಡೆಗೆ ಉದ್ದಕ್ಕೆ ಎಳೆದಂತೆ ಕಾಣುತ್ತದೆ, ಮತ್ತು ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಅಲೆಗಳ ಒಡಕು ಮಾಸಿ ನಯವಾದ ಬೆಳಕಿನ ಕಂಬಗಳು ನೀರಿನಲ್ಲಿ ನಿಲ್ಲುತ್ತವೆ.

ದುಬಾರಿ ಸಲಕರಣೆ ಈ ಅಭ್ಯಾಸಕ್ಕೆ ಅಗತ್ಯವಲ್ಲ. ಈಚಿನ ಅನೇಕ ಮೊಬೈಲ್ ಫೋನುಗಳ ಪ್ರೊ ಮೋಡ್‌ನಲ್ಲಿ ಶಟರ್ ಅವಧಿಯನ್ನು ಹಲವು ಸೆಕೆಂಡುಗಳವರೆಗೆ ಹೆಚ್ಚಿಸಬಹುದು. ಕೆಲವು ಫೋನುಗಳು ದೀರ್ಘಕಾಲ ಶಟರ್ ತೆರೆದಿಡುವ ಬದಲು ಅನೇಕ ಚಿಕ್ಕ ಚಿತ್ರಗಳನ್ನು ತೆಗೆದು ಗಣನೆಯಿಂದ ಒಂದಾಗಿಸುತ್ತವೆ. ಚಿತ್ರಗಳ ನಡುವಿನ ಬಿಡುವು ಕೆಲವೊಮ್ಮೆ ಗೆರೆಯಲ್ಲಿ ಸಣ್ಣ ಅಂತರಗಳಾಗಿ ಉಳಿಯುತ್ತದೆ ಎಂಬುದನ್ನು ನೆನಪಿಡಬೇಕು, ಏಕೆಂದರೆ ಅದನ್ನು ದೀಪದ ಗುಣವೆಂದು ತಪ್ಪಾಗಿ ಓದುವ ಸಂಭವವಿದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಪ್ರತಿ ಚಿತ್ರದ ಅವಧಿ, ಅಪರ್ಚರ್ ಮತ್ತು ಚಲನೆಯ ದಿಕ್ಕನ್ನು ಬರೆದಿಟ್ಟುಕೊಂಡರೆ ಮಾತ್ರ ಪ್ರಯೋಗ ಎಂಬ ಹೆಸರಿಗೆ ಅರ್ಥ ಬರುತ್ತದೆ. ರಸ್ತೆಯ ವಿಭಜಕದ ಮೇಲೆ ನಿಲ್ಲುವುದು, ಚಾಲಕರ ಕಣ್ಣಿಗೆ ಫ್ಲ್ಯಾಶ್ ಹಾಯಿಸುವುದು, ಟ್ರೈಪಾಡಿನಿಂದ ಪಾದಚಾರಿಗಳ ದಾರಿ ಕಟ್ಟುವುದು ಯಾವ ಚಿತ್ರಕ್ಕಾಗಿಯೂ ಸಲ್ಲದ ಕೆಲಸಗಳು. ಕಾಲುದಾರಿಯ ಒಳಬದಿ ಅಥವಾ ಪರಿಚಿತರ ಮಾಳಿಗೆ ಸಾಕು.

ಈ ಚಿತ್ರಗಳಿಗೆ ಕಾಲ ಕಳೆದಂತೆ ಇನ್ನೊಂದು ಬೆಲೆಯೂ ಬರುತ್ತದೆ. ಮೊಹೊಲಿ-ನಾಜ್ ಬಣ್ಣದ ವಿನ್ಯಾಸಕ್ಕಾಗಿ ತೆಗೆದ ಚಿತ್ರಗಳು ಇಂದು ಷಿಕಾಗೊದ ಅಂದಿನ ಬೀದಿಬೆಳಕಿನ ದಾಖಲೆಗಳೂ ಆಗಿವೆ. ನಮ್ಮ ದೇಶದಲ್ಲಿ 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದ ನಂತರ ಸೋಡಿಯಂ ದೀಪಗಳು ಒಂದೊಂದಾಗಿ ಕೆಳಗಿಳಿದು ಬಿಳಿ ಎಲ್‌ಇಡಿಗಳು ಆ ಜಾಗಕ್ಕೆ ಬರುತ್ತಿವೆ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ ದಾವಣಗೆರೆಯ ಬೀದಿಗಳೂ ಬದಲಾಗುತ್ತಿವೆ, ಹಳದಿ ಮಣಿಗಳ ಸಾಲು ಬಿಡುವ ದೀಪಗಳು ಬಹುಕಾಲ ಉಳಿಯಲಾರವು. 1964ರಿಂದ ದೃಶ್ಯಕಲೆಯ ಶಿಕ್ಷಣ ನಡೆಯುತ್ತಿರುವ ಈ ಊರಿನಲ್ಲಿ ಕ್ಯಾಮೆರಾ ಅಥವಾ ಒಳ್ಳೆಯ ಫೋನು ಇರುವ ವಿದ್ಯಾರ್ಥಿಗಳೂ ಆಸಕ್ತರೂ ತಮ್ಮ ಬಡಾವಣೆಯಲ್ಲಿ ಇನ್ನೂ ಉಳಿದಿರುವ ಹಳೆಯ ದೀಪಗಳನ್ನು ಈ ವರ್ಷವೇ ಹುಡುಕಿ, ಬೀಸಿದ ಕ್ಯಾಮೆರಾದಲ್ಲಿ ಅವುಗಳ ಗೆರೆಗಳನ್ನು ಹಿಡಿದು, ಚಿತ್ರದ ಜೊತೆಗೆ ಸ್ಥಳ ಮತ್ತು ದಿನಾಂಕವನ್ನು ತಪ್ಪದೆ ನಮೂದಿಸಿ ಇಡಬೇಕು.